ಸಂತೇಬೆನ್ನೂರಿನ ಹೊಂಡದ ಸುತ್ತ

ದಾವಣಗೆರೆಯಿಂದ ಚನ್ನಗಿರಿಗೆ ಹೋಗುವ ಬಸ್ಸಿನಲ್ಲಿ ಬಂದು ಸಂತೇಬೆನ್ನೂರಿನಲ್ಲಿ ಇಳಿದರೆ ಪುಷ್ಕರಣಿಗೆ ದಾರಿ ಕೇಳುವುದು ಕಷ್ಟವಲ್ಲ. ‘ಹೊಂಡ’ ಎಂದರೆ ಸಾಕು, ಯಾರಾದರೂ ಕೈ ತೋರಿಸುತ್ತಾರೆ. ಮನೆ, ಅಂಗಡಿಗಳ ನಡುವೆ ಇಂಥದ್ದೊಂದು ಇದೆ ಎಂದು ಹತ್ತಿರ ಹೋಗುವವರೆಗೂ ಅನ್ನಿಸುವುದಿಲ್ಲ.

ಗೇಟಿನ ಹತ್ತಿರದ ಫಲಕ ಓದಿದೆ. ಇದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಇಂಥ ಸ್ಮಾರಕವನ್ನು ಕೆಡಿಸಿದರೆ 1958ರ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಸುತ್ತಲಿನ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಗೋಡೆಗೆ ಗೋಡೆ ತಾಗಿ ಬದುಕುವ ಊರಿಗೆ ಇದು ಸಣ್ಣ ಮಾತಲ್ಲ.

ಒಳಗೆ ಹೋದ ಕೂಡಲೇ ಕಣ್ಣು ಕೆಳಕ್ಕೆ ಇಳಿಯುತ್ತದೆ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನಡುವೆ ನೀರು, ನೀರಿನ ನಡುವೆ ವಸಂತ ಮಂಟಪ. ಪಾಳೆಯಗಾರ ಕೆಂಗ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ರಂಗನಾಥನ ಗುಡಿಯ ಮುಂದೆ ಇದನ್ನು ಕಟ್ಟಿಸಿದ. ಸುತ್ತ ಎಂಟು ದಿಕ್ಕಿಗೆ ಎಂಟು ಮಂಟಪಗಳಿದ್ದವು, ಈಗ ಉಳಿದಿರುವುದು ಆರು.

ಮೆಟ್ಟಿಲಿಳಿದು ನೀರಿನ ಅಂಚಿಗೆ ಹೋಗಿ ಕೂತೆ. ಪಕ್ಕದ ಕಲ್ಲಿನ ಅಂಚು ನುಣುಪಾಗಿತ್ತು, ಉಳಿಯ ಗುರುತು ಸವೆದುಹೋಗಿತ್ತು. ಎರಡು ಕಲ್ಲಿನ ಸಂದಿನಲ್ಲಿ ಹುಲ್ಲು ಹುಟ್ಟಿತ್ತು. ಸವೆದದ್ದು ಮಳೆಗೋ, ಇಳಿದು ಹತ್ತಿದ ಕಾಲುಗಳಿಗೋ ಹೇಳುವುದು ಹೇಗೆ? ಕಾಲಿಗೇ ಇರಬೇಕು ಅನ್ನಿಸಿತು. ಇಲ್ಲಿಂದ ನಡುಮಂಟಪಕ್ಕೆ ಸೇತುವೆ ಇಲ್ಲ. ದೇವರ ವಸಂತೋತ್ಸವ, ತೆಪ್ಪೋತ್ಸವಕ್ಕೆಂದೇ ಇಂಥ ಮಂಟಪ ಕಟ್ಟಿಸುತ್ತಿದ್ದರು. ತೆಪ್ಪವಿಲ್ಲದೆ ಅದನ್ನು ದಡದಿಂದ ನೋಡುವುದಷ್ಟೇ. ಕಲ್ಲು ನೆಟ್ಟಗಿದೆ, ಹಬ್ಬ ಹೋಗಿದೆ. ಇಲ್ಲಿ ಕೂತಾಗ ನನ್ನನ್ನು ಬಹಳ ಕಾಡಿದ್ದು ಇದೇ.

ಮತ್ತೆ ಮೇಲೆ ಹತ್ತಿ ಮುಸಾಫಿರ್‌ಖಾನೆ ಎಂದು ಕರೆಯುವ ಹಳೆಯ ಕಟ್ಟಡದ ಕಡೆ ನಡೆದೆ. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಈ ಸೀಮೆಗೆ ಬಂದಾಗ ಗುಡಿ ಹೋಗಿ ಆ ಜಾಗದಲ್ಲಿ ಇದು ಎದ್ದಿತು ಎಂದು ಹೇಳುತ್ತಾರೆ. ದಪ್ಪ ಗೋಡೆ, ಎತ್ತರದ ಕಮಾನುಗಳು. ಒಳಗೆ ದೀಪವೂ ಇರಲಿಲ್ಲ, ಚಾಪೆಯೂ ಇರಲಿಲ್ಲ. ಇಲ್ಲಿ ನಿಂತು ಹೊಂಡದ ಕಡೆ ತಿರುಗಿದರೆ ಕಮಾನಿನ ಚೌಕಟ್ಟಿನಲ್ಲೇ ವಸಂತ ಮಂಟಪ ಕಾಣುತ್ತದೆ. ಒಂದನ್ನು ಬಿಟ್ಟು ಇನ್ನೊಂದರ ಕತೆ ಹೇಳಲು ಬರುವುದಿಲ್ಲ. ಹೇಳುವವರು ಎರಡನ್ನೂ, ನೋವಿನ ಭಾಗವನ್ನೂ ಸೇರಿಸಿ, ಹೇಳಬೇಕು.

ಇಲ್ಲಿ ಕಲ್ಲು ಉಳಿದು ಹಬ್ಬ ಹೋಗಿದ್ದರೆ, ಇದೇ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸ್ಥಿತಿ ತಿರುಗುಮುರುಗು. ಸಂತ ಸೇವಾಲಾಲರ ಜನ್ಮಸ್ಥಳವೆಂದು ಫೆಬ್ರುವರಿಯ ಜಯಂತಿಗೆ ಬಂಜಾರರು ಮಾಲೆ ಧರಿಸಿ, ಹೊರರಾಜ್ಯಗಳಿಂದಲೂ ಬರುತ್ತಾರೆ. ಅಲ್ಲಿ ಉಳಿಸಬೇಕಾದದ್ದು ಕಲ್ಲಲ್ಲ, ನಡೆದು ಬರುವ ಜನರ ಹಾಡು, ಹರಕೆ, ಉಡುಗೆ. ಪೂಜೆ ನಿಲ್ಲದ ಹಳೆಯ ಗುಡಿಗಳದು ಇನ್ನೊಂದು ಪಾಡು. ಜೀರ್ಣೋದ್ಧಾರವೆಂದು ಭಕ್ತರೇ ಪ್ರೀತಿಯಿಂದ ಕಂಬಕ್ಕೆ ಆಯಿಲ್ ಪೇಂಟ್ ಬಳಿಸುತ್ತಾರೆ, ನೆಲಕ್ಕೆ ಟೈಲ್ಸ್ ಹಾಸುತ್ತಾರೆ. ಶಾಸನದ ಅಕ್ಷರ ಬಣ್ಣದಡಿ ಮುಚ್ಚಿಹೋಗುತ್ತದೆ. ಇಲಾಖೆಯ ಬೀಗ ಒಳ್ಳೆಯದೋ, ಭಕ್ತರ ಬಣ್ಣ ಒಳ್ಳೆಯದೋ ಎಂದು ಯಾರಾದರೂ ಕೇಳಿದರೆ ನಾನು ಉತ್ತರಕ್ಕೆ ತಡಬಡಿಸುತ್ತೇನೆ.

ಆದರೆ ಕಾಯ್ದೆ ಅಷ್ಟೊಂದು ಬಿಗಿಯಲ್ಲ. ರೂಢಿಯಿಂದ ಬಂದ ಧಾರ್ಮಿಕ ಆಚರಣೆಗೆ ರಕ್ಷಣೆಯಿಂದ ಅಡ್ಡಿಯಾಗಬಾರದು ಎಂದು ಅದರಲ್ಲೇ ಬರೆದಿದೆ. ಆ ರೂಢಿ ಏನಿತ್ತು ಎಂದು ಯಾರಾದರೂ ಬರೆದಿಟ್ಟಿದ್ದರೆ ತಾನೆ ಅದಕ್ಕೆ ಬೆಲೆ!

ಹೊರಡುವ ಮುನ್ನ ಇನ್ನೊಂದು ಸುತ್ತು ಹಾಕಿದೆ. ಮಂಟಪದ ನೆರಳಿನಲ್ಲಿ ಕೂತಿದ್ದ ಹಿರಿಯರೊಬ್ಬರು ಹೊಂಡದ ನೀರು ಯಾವ ಬೇಸಿಗೆಯಲ್ಲಿ ಎಲ್ಲಿಯವರೆಗೆ ಇಳಿದಿತ್ತು ಎಂದು ಮೆಟ್ಟಿಲು ತೋರಿಸಿ ಹೇಳಿದರು. ಇಂಥದ್ದನ್ನು ಬರೆದುಕೊಳ್ಳಲು ದೊಡ್ಡ ಯೋಜನೆಯೇನೂ ಬೇಡ. ಊರಿನ ಹೈಸ್ಕೂಲು ಮಕ್ಕಳ ಕೈಗೊಂದು ನೋಟ್‌ಬುಕ್ ಕೊಟ್ಟು, ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬನ್ನಿ ಎಂದು ಕಳಿಸಿದರೂ ಆದೀತು.