ಬ್ಯಾಡಗಿ ಮೂಗು, ಬೆಂಗಳೂರಿನ ಗ್ಲಾಸು

ನಮ್ಮೂರು ಬ್ಯಾಡಗಿ. ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಸೋಮವಾರ, ಗುರುವಾರ ಮಾರ್ಕೆಟ್ ದಿನ. ಶಾಲೆಗೆ ರಜೆ ಇದ್ದರೆ ನಾನೂ ಅವರ ಹಿಂದೆ ಹೋಗ್ತಿದ್ದೆ. ಅಪ್ಪ ಚೀಲದಿಂದ ಒಂದು ಹಿಡಿ ಕಾಯಿ ತೆಗೆದು, ಮುಷ್ಟಿಯಲ್ಲಿ ಒತ್ತಿ, ಮೂಗಿಗೆ ಹಿಡಿದು, ತೇವ ಎಷ್ಟಿದೆ, ಹಳೇ ಮಾಲು ಬೆರೆಸಿದ್ದಾರಾ ಅಂತ ಹೇಳಿಬಿಡ್ತಿದ್ದರು. ಬಾಯಿಗೆ ಹಾಕಿಕೊಂಡಿದ್ದು ನಾನು ನೋಡಿಲ್ಲ. 2011ರಲ್ಲಿ ಜಿಐ ಟ್ಯಾಗ್ ಪಡೆದ ಬ್ಯಾಡಗಿ ಕಾಯಿಗೆ ಬೆಲೆ ಖಾರದಿಂದ ಬಂದಿದ್ದಲ್ಲ, ಬಣ್ಣ ಮತ್ತು ಘಮದಿಂದ.

ಅದೇ ಮೂಗಿನ ವಿದ್ಯೆ ನನಗೆ ಬೆಂಗಳೂರಿನ ಪಬ್‌ಗಳಲ್ಲಿ ಉಪಯೋಗಕ್ಕೆ ಬಂತು. ಅಪ್ಪನಿಗೆ ಇನ್ನೂ ಹೇಳಿಲ್ಲ. ಇದನ್ನ ಓದಿದ್ರೆ ಗೊತ್ತಾಗುತ್ತೆ.

ಹೌದು, ನನಗೆ ವಿಸ್ಕಿ ಇಷ್ಟ. ಮನೆಮಂದಿಯೆಲ್ಲ ಓದೋ ಪತ್ರಿಕೆಯಲ್ಲಿ ಹೀಗೆ ಬರೆಯೋಕೆ ಮುಜುಗರವೂ ಇದೆ. ಯಾಕಂದ್ರೆ ನಮ್ಮ ಮನೆಯಲ್ಲಿ ಕುಡಿತ ಅಂದ್ರೆ ರಾಣೆಬೆನ್ನೂರಿನ ಕಾಕಾ. ಸಂಜೆಯಾದ್ರೆ ಸಾರಾಯಿ ಪಾಕೀಟಿನ ಮೂಲೆ ಹರಿದು ಒಂದೇ ಗುಟುಕಿಗೆ ಮುಗಿಸ್ತಿದ್ದ. ಮೊದಲು ಚಿಗವ್ವನ ಬಂಗಾರ ಹೋಯ್ತು, ಆಮೇಲೆ ಎರಡೆಕರೆ ಹೊಲ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಕಾಕಾ ತೀರಿಕೊಂಡು ಎರಡು ವರ್ಷ ಆಗಿತ್ತು.

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೂ ಆಫೀಸ್ ಪಾರ್ಟಿಗಳಲ್ಲಿ ನಂದು ನಿಂಬೆ ಸೋಡಾನೇ. ಒಂದು ಸಲ ಚರ್ಚ್ ಸ್ಟ್ರೀಟಿನಲ್ಲಿ ಗೆಳೆಯನೊಬ್ಬ ಮೊಗ್ಗಿನಾಕಾರದ ಸಣ್ಣ ಗ್ಲಾಸು ಮುಂದಿಟ್ಟು, "ಕುಡೀಬೇಡ, ಮೂಸಿ ನೋಡು" ಅಂದ. ಮೂಸಿದೆ. ಒಣದ್ರಾಕ್ಷಿ, ಬೆಲ್ಲದ ಪಾಕ, ಹಿಂದೆ ಎಲ್ಲೋ ಒಲೆಯ ಹೊಗೆ. ನಾಲ್ಕು ಹನಿ ನೀರು ಹಾಕಿದ, ಘಮ ಇನ್ನೂ ಬಿಚ್ಚಿಕೊಂಡಿತು. ಆ 30 ಎಂಎಲ್ ಮುಗಿಸೋಕೆ ನನಗೆ ಒಂದು ತಾಸು ಬೇಕಾಯ್ತು.

ಆಮೇಲೆ ಇಂದಿರಾನಗರ, ಕೋರಮಂಗಲದ ಪಬ್‌ಗಳನ್ನೆಲ್ಲ ಸುತ್ತಿದೆ. ಬಹಳ ಕಡೆ ಬಿಯರೇ ರಾಜ, ಸಂಗೀತದ ಅಬ್ಬರ ಬೇರೆ. ಆದ್ರೆ ಜನ ಕಡಿಮೆ ಇರೋ ಸಂಜೆ ಆರಕ್ಕೆ ಹೋಗಿ ಬಾರ್‌ಟೆಂಡರ್ ಹತ್ರ ಮಾತಾಡಿದ್ರೆ ಬೇಕಾದಷ್ಟು ಕಲೀಬಹುದು. ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗೋ ಹೆಚ್ಚಿನ ವಿಸ್ಕಿಗಳು ಕಾಕಂಬಿಯ ಸ್ಪಿರಿಟ್ಟಿಗೆ ಒಂದಿಷ್ಟು ಮಾಲ್ಟ್ ಬೆರೆಸಿದವು, ಯುರೋಪಿನಲ್ಲಿ ಅಂಥದ್ದನ್ನ ವಿಸ್ಕಿ ಅಂತ ಮಾರೋ ಹಾಗೇ ಇಲ್ಲ ಅಂತ ತಿಳಿದಿದ್ದು ಹಾಗೇ.

ಒಂದು ಶನಿವಾರ ಮೊದಲೇ ಬುಕ್ ಮಾಡಿ ಮೈಸೂರು ರಸ್ತೆಯ ಕಂಬೀಪುರಕ್ಕೆ ಹೋದೆ. ಅಲ್ಲಿರೋದು ಅಮೃತ್ ಡಿಸ್ಟಿಲರಿ. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಶುರು ಮಾಡಿದ ಕಂಪನಿ. 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನ ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ಮುಂದೆ ವಿಮರ್ಶಕ ಜಿಮ್ ಮರ್ರೆ 2010ರ 'ವಿಸ್ಕಿ ಬೈಬಲ್'ನಲ್ಲಿ ಅದರ 'ಫ್ಯೂಷನ್'ಗೆ 97 ಅಂಕ ಕೊಟ್ಟು ಜಗತ್ತಿನ ಮೂರನೇ ಸ್ಥಾನದಲ್ಲಿ ಕೂರಿಸಿದರು.

ಬಾರ್ಲಿಯನ್ನ ಮೊಳಕೆ ಬರಿಸಿ, ಒಣಗಿಸಿ, ಪುಡಿ ಮಾಡಿ, ಬಿಸಿನೀರಲ್ಲಿ ಸಿಹಿ ಬಿಡಿಸಿ, ಯೀಸ್ಟ್ ಹಾಕಿ ಹುಳಿಬರಿಸಿ, ತಾಮ್ರದ ಹಂಡೆಗಳಲ್ಲಿ ಎರಡು ಸಲ ಭಟ್ಟಿ ಇಳಿಸ್ತಾರೆ. ಆಮೇಲೆ ಓಕ್ ಪೀಪಾಯಿ. ಎಷ್ಟೋ ಪೀಪಾಯಿಗಳು ಮೊದಲು ಅಮೆರಿಕದಲ್ಲಿ ಬೂರ್ಬನ್ ತುಂಬಿಕೊಂಡಿದ್ದವು. ಬೂರ್ಬನ್‌ನಲ್ಲಿ ಕನಿಷ್ಠ ಶೇ 51ರಷ್ಟು ಗೋವಿನಜೋಳ ಇರಬೇಕು. ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಕಾಣೋ ಅದೇ ಗೋವಿನಜೋಳ.

ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾದ್ರೆ, ಬೆಂಗಳೂರಿನ ಸೆಖೆಗೆ ಶೇ 10ರಿಂದ 12 ಹೋಗುತ್ತೆ. ನಾಲ್ಕು ವರ್ಷಕ್ಕೆ ಮೂರರಲ್ಲೊಂದು ಪಾಲು ಗಾಳಿಗೆ! ಅದಕ್ಕೆ 'ದೇವತೆಗಳ ಪಾಲು' ಅಂತ ಹೆಸರು. ಉಳಿದದ್ದು ಬೇಗ ಪಕ್ವವಾಗುತ್ತೆ. ಮೆಣಸಿನಕಾಯಿ ಕಣದಲ್ಲಿ ತೂಕ ಕಳ್ಕೊಂಡು ಘಮ ಗಟ್ಟಿ ಮಾಡ್ಕೊಳ್ಳೋದು ನೆನಪಾಯ್ತು.

ಇಂಥ ಟಿಪ್ಪಣಿಗಳಿದ್ದ ಪುಸ್ತಕ ಯುಗಾದಿಗೆ ಊರಿಗೆ ಹೋದಾಗ ಅವ್ವನ ಕೈಗೆ ಸಿಕ್ಕಿತು. "ಒಣದ್ರಾಕ್ಷಿ, ಬೆಲ್ಲ, ಏಲಕ್ಕಿ... ಏನ್ ಉಂಡಿ ಮಾಡಾಕ ಕಲೀಲಿಕತ್ತೀಯೇನಪಾ?" ಅಂದಳು. ಸುಳ್ಳು ಹೇಳಬಹುದಿತ್ತು. ನಿಜ ಹೇಳಿದೆ. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ರೊಟ್ಟಿ ಬಡಿಯೋದು ಮುಗಿದ ಮೇಲೆ ಕೇಳಿದಳು: "ರುಚಿ ಗಿಚಿ ನನಗ ತಿಳಿಯಂಗಿಲ್ಲ. ನಿನಗ ಬಿಡಾಕ ಬರ್ತೈತೇನು?"

ಉತ್ತರ ನನ್ನ ಹತ್ರ ಇರಲಿಲ್ಲ. ಅದಕ್ಕೇ ಆ ವರ್ಷ ಶ್ರಾವಣ ಪೂರ್ತಿ ಮುಟ್ಟಬಾರದು ಅಂದ್ಕೊಂಡೆ. ಮೊದಲ ವಾರ ಸಲೀಸು. ಎರಡನೇ ಶನಿವಾರ ಸುಮ್ಮಸುಮ್ಮನೆ ಸಿಡಿಮಿಡಿ. ಮೂರನೇ ವಾರ ಗೆಳೆಯರು ಕರೆದಾಗ ಹೋಗದೇ ಇರೋಕೆ ನೆವ ಹುಡುಕಿದೆ. ಬರೀ ಘಮಕ್ಕಾಗಿ ಕುಡೀತೀನಿ ಅಂತ ನಂಬಿದ್ದವನಿಗೆ ಅದು ಪೂರ್ತಿ ನಿಜ ಅಲ್ಲ ಅಂತ ಗೊತ್ತಾಯ್ತು.

ಈಗ ತಿಂಗಳಿಗೆ ಎರಡು ಸಂಜೆ, ಪ್ರತಿ ಸಲ 30 ಎಂಎಲ್. ಒಬ್ಬನೇ ಕುಡಿಯೋದಿಲ್ಲ, ಬೈಕ್ ತರೋದಿಲ್ಲ. ಅಷ್ಟು ಕುಡಿದರೆ ಅಪಾಯ ಇಲ್ಲ ಅಂತೇನಲ್ಲ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಅನ್ನೋದೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಶ್ರಾವಣದ ಲೆಕ್ಕ ಮಾತ್ರ ಪ್ರತಿ ವರ್ಷ ನಡೆಯುತ್ತೆ.

ಮೊದಲ ಶ್ರಾವಣ ಮುಗಿದ ದಿನ ಅವ್ವನಿಗೆ ಫೋನ್ ಮಾಡಿದ್ದೆ.

"ಬಿಡಾಕ ಬಂತೇನಪಾ?"

"ಬಂತವ್ವ. ಆದ್ರ ಸ್ವಲ್ಪ ತ್ರಾಸಾತು."

"ತ್ರಾಸಾತು ಅಂತ ಹೇಳಿದೆಲ್ಲ, ಅಷ್ಟು ಸಾಕು. ನಿಮ್ಮ ಕಾಕಾ ಅದನ್ನ ಒಂದಿನಾನೂ ಹೇಳ್ಲಿಲ್ಲ."