ಪಿನಾಕಿನಿಯ ಜಾಡಿನಲ್ಲಿ

ಕಾಡುಗೋಡಿಯಲ್ಲಿ ವಾಸಿಸುವವನಿಗೆ ಸೈಕಲ್ಲಿನ ಹುಚ್ಚೇಕೆ ಎಂದು ಮಿತ್ರರು ಕೇಳುವುದುಂಟು. ಪ್ರಶ್ನೆ ಅನುಚಿತವೇನೂ ಅಲ್ಲ. ವೈಟ್‌ಫೀಲ್ಡಿನ ರಸ್ತೆಗಳಲ್ಲಿ ಬೆಳಗಿನ ಎಂಟು ಗಂಟೆಗೆ ಸೈಕಲ್ ಏರುವವನು ಒಂದೋ ಸಾಹಸಿ, ಇಲ್ಲವೆ ಬೇರೆ ಗತಿಯಿಲ್ಲದ ಕೂಲಿಕಾರ. 2023ರ ಮಾರ್ಚಿಯಲ್ಲಿ ನಮ್ಮೂರಿಗೆ ಮೆಟ್ರೋ ರೈಲು ಬಂದಿತು. ಜನ ಮೇಲೇರಿದರು, ಆದರೆ ಕೆಳಗಿನ ವಾಹನಗಳ ಸಾಲು ಕರಗಲಿಲ್ಲ. ಅದಕ್ಕಾಗಿಯೇ ನಾನು ಭಾನುವಾರಗಳನ್ನು ಕಾಯುತ್ತೇನೆ. ಅದೂ ಕೋಳಿ ಕೂಗುವ ಮೊದಲಿನ ಭಾನುವಾರವನ್ನು.

ನಮ್ಮ ಊರು ಒಂದು ನದಿಯ ಕಣಿವೆಯಲ್ಲಿದೆಯೆಂಬುದು ನನಗೆ ಬಹುಕಾಲ ತಿಳಿದಿರಲಿಲ್ಲ. ದಕ್ಷಿಣ ಪಿನಾಕಿನಿ ನಂದಿಯ ಬಳಿಯ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟಿ, ಜಂಗಮಕೋಟೆ, ಹೊಸಕೋಟೆಗಳ ಕೆರೆಗಳನ್ನು ತುಂಬಿ, ನಮ್ಮ ಪೂರ್ವಕ್ಕೆ ಹಾದು ತಮಿಳುನಾಡನ್ನು ಸೇರುತ್ತದೆ. ಅಲ್ಲಿ ಅದು ತೆನ್‌ಪೆಣ್ಣೈ; ಕಡಲೂರಿನ ಬಳಿ ಸಮುದ್ರದ ಪಾಲು. ಇಲ್ಲಿ ಅದನ್ನು ನದಿಯೆಂದು ತೋರಿಸಿದರೆ ನೋಡುವವರು ನಕ್ಕಾರು. ಮಳೆಗಾಲ ಕಳೆದರೆ ಅದು ಬರಿಯ ತಗ್ಗು, ಒಂದಿಷ್ಟು ಜೊಂಡು. ನಮ್ಮ ಸೀಮೆಯಲ್ಲಿ ನದಿ ಹರಿಯುವುದಿಲ್ಲ. ಕೆರೆಯಿಂದ ಕೆರೆಗೆ ಇಳಿಯುತ್ತದೆ.

ಮಾಘ ಮಾಸದ ಒಂದು ಭಾನುವಾರ ಈ ಇಳಿಜಾರನ್ನು ಹಿಮ್ಮುಖವಾಗಿ ಏರಿ ನೋಡೋಣವೆಂದು ಹೊರಟೆ. ಹೊಸಕೋಟೆಯವರೆಗೆ ಹೆದ್ದಾರಿಯ ಕಾಟ ತಪ್ಪಲಿಲ್ಲ. ಬೆಳಕು ಹರಿಯುವ ಮೊದಲೇ ಅಲ್ಲಿನ ಬಿರಿಯಾನಿಗಾಗಿ ಬೆಂಗಳೂರಿನಿಂದ ಕಾರುಗಳು ಓಡುತ್ತವೆ. ಹಸಿದವನ ಅವಸರಕ್ಕೆ ಸೈಕಲ್ಲಿನವನು ಕಾಣುವುದಿಲ್ಲ. ಪೇಟೆ ದಾಟಿ ಸೂಲಿಬೆಲೆಯ ಕಡೆಗೆ ತಿರುಗಿ, ಅಲ್ಲಿಂದ ಹಳ್ಳಿಯ ದಾರಿ ಹಿಡಿದ ಮೇಲೆ ಒಮ್ಮೆಲೇ ನಿಶ್ಶಬ್ದ. ನನ್ನ ಸರಪಳಿಯ ಸದ್ದು ನನಗೇ ಕೇಳಿಸತೊಡಗಿತು. ಅದಕ್ಕೆ ಎಣ್ಣೆ ಬೇಕಾಗಿದೆಯೆಂಬುದೂ ಆಗಲೇ ತಿಳಿದದ್ದು.

ಯುರೋಪಿನಲ್ಲಿ ಸೈಕಲ್ ಯಾತ್ರಿಕರಿಗೆ ನದೀತೀರದ ದಾರಿಗಳಿವೆಯೆಂದು ಓದಿ ಬಲ್ಲೆ. ಡ್ಯಾನ್ಯೂಬ್ ನದಿಯ ಗುಂಟ ಪಾಸೌ ಪಟ್ಟಣದಿಂದ ವಿಯೆನ್ನಾದವರೆಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿಯುಂಟು. ನಡುವೆ ವಾಹೌ ಎಂಬ ಕಣಿವೆಯಲ್ಲಿ ಬೆಟ್ಟದ ಮೆಟ್ಟಿಲುಗಳ ಮೇಲೆಲ್ಲ ದ್ರಾಕ್ಷಿಯಂತೆ. ಆ ಹಾದಿಯ ಬಹುಭಾಗವನ್ನು ಸೈಕಲ್ಲಿಗೆಂದು ಹೊಸದಾಗಿ ಕಡಿದದ್ದಲ್ಲ. ಹಿಂದೆ ಕುದುರೆಗಳು ದಡದ ಮೇಲೆ ನಡೆದು ದೋಣಿಗಳನ್ನು ಹೊಳೆಯ ಎದುರಿಗೆ ಎಳೆಯುತ್ತಿದ್ದವು. ಉಗಿಹಡಗು ಬಂದು ಕುದುರೆಗೆ ಕೆಲಸ ತಪ್ಪಿತು, ದಾರಿ ಉಳಿಯಿತು. ಉಳಿದ ದಾರಿಯನ್ನು ಅಲ್ಲಿನ ಜನ ಕಳೆದುಕೊಳ್ಳಲಿಲ್ಲ, ಅಷ್ಟೆ.

ನಮಗೂ ಅಂಥದೊಂದು ಆಸ್ತಿಯಿದೆಯೆಂದು ಮೊದಲ ಕೆರೆಯ ಏರಿಯನ್ನು ಹತ್ತಿದಾಗ ನನಗೆ ಹೊಳೆಯಿತು. ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಗದ್ದೆಯ ತಗ್ಗು, ನಡುವೆ ಎತ್ತಿನ ಗಾಡಿಯ ಅಗಲದ ಮಟ್ಟಸವಾದ ದಾರಿ. ಏರಿಯ ಕೊನೆಯಲ್ಲಿ ಕೋಡಿ, ಕೋಡಿಯಿಂದ ಕಾಲುವೆ, ಕಾಲುವೆಯ ಗುಂಟ ಕಾಲುದಾರಿ, ಅದರ ಕೊನೆಗೆ ಮತ್ತೊಂದು ಕೆರೆ. ನದಿಯ ಉದ್ದಕ್ಕೂ ಹಾದಿ ಹೀಗೆ ತನಗೆ ತಾನೇ ಸಿದ್ಧವಾಗಿದೆ. ಇದನ್ನೆಲ್ಲ ಜೋಡಿಸಿ ಒಂದು ಸೈಕಲ್ ಪಥ ಮಾಡಬಾರದೆ? ಹೊಸಕೋಟೆಯಿಂದ ನಂದಿಯವರೆಗೆ ಒಂದು ಮೋಟಾರೂ ಎದುರಾಗದಂತೆ? ಮನಸ್ಸಿನಲ್ಲಿಯೇ ಒಂದು ಮನವಿಪತ್ರ ಬರೆಯುತ್ತ ಪೆಡಲು ತುಳಿದೆ.

ವಿಜಯಪುರ ಹತ್ತಿರವಾದಂತೆ ಹಿಪ್ಪುನೇರಳೆಯ ತೋಟಗಳು, ಅವುಗಳ ನಡುವೆ ದ್ರಾಕ್ಷಿಯ ಚಪ್ಪರಗಳು. ಈ ಸೀಮೆಯ ದ್ರಾಕ್ಷಿ ಬೆಂಗಳೂರು ನೀಲಿ. ಸಿಪ್ಪೆ ದಪ್ಪ, ಒಳಗೆ ಬೀಜ, ಹುಳಿಯೊಡನೆ ಬೆರೆತ ಸಿಹಿ, ಮಾರು ದೂರಕ್ಕೆ ಬಡಿಯುವ ಪರಿಮಳ. ತಿನ್ನುವುದಕ್ಕೂ ಸೈ, ರಸಕ್ಕೂ ಮದ್ಯಕ್ಕೂ ಸೈ. ವರ್ಷಕ್ಕೆ ಎರಡು ಫಸಲು. ಕಲ್ಲುಕಂಬಗಳನ್ನು ಸಾಲಾಗಿ ನೆಟ್ಟು, ಮೇಲೆ ತಂತಿಯ ಜಾಲ ಬಿಗಿದು, ಬಳ್ಳಿಯನ್ನು ಹಬ್ಬಿಸುತ್ತಾರೆ. ಕೆಳಗೆ ಹಸಿರು ಬೆಳಕು. ಯಾವುದೋ ಹಳೆಯ ಮಂಟಪವನ್ನು ಹೊಕ್ಕಂತೆ.

ಅಂಥ ಒಂದು ತೋಟದ ಮುಂದೆ ನೀರಿಗಾಗಿ ನಿಂತೆ. ಚಪ್ಪರದ ಕೆಳಗಿಂದ ವೃದ್ಧರೊಬ್ಬರು ಬಂದರು. ನನ್ನ ವೃತ್ತಿಯನ್ನು ವಿಚಾರಿಸಿಕೊಂಡು, ಚೊಂಬಿನಲ್ಲಿ ನೀರನ್ನೂ ಮೊರದಲ್ಲಿ ಎರಡು ಗೊಂಚಲು ಹಣ್ಣನ್ನೂ ತಂದಿಟ್ಟರು. ನಾನು ಉತ್ಸಾಹದಿಂದ ನನ್ನ ಸೈಕಲ್ ಪಥದ ಯೋಜನೆಯನ್ನು ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, ತಲೆಯ ಟವಲು ತೆಗೆದು ಮುಖ ಒರೆಸಿಕೊಂಡರು.

"ರಸ್ತೆ ನೀಟಾದ್ರೆ ಭೂಮಿಗೆ ಬೆಲೆ ಬತ್ತದೆ, ಮೇಷ್ಟ್ರೇ. ಬೆಲೆ ಬಂದ ಭೂಮೀಲಿ ಬಳ್ಳಿ ನಿಲ್ಲಾಕಿಲ್ಲ."

"ಬರಿಯ ಸೈಕಲ್ಲಿಗೆ ಮಾತ್ರ, ಯಜಮಾನರೇ," ಎಂದೆ.

"ಮೊದಲು ಸೈಕಲ್ಲೇ ಬರೋದು," ಎಂದು ಅವರು ನಕ್ಕರು.

ಆ ನಗೆಯ ಹಿಂದಿನ ಕಥೆಯನ್ನು ಓದುಗರು ಬಲ್ಲರು. ಇದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಹದಿಮೂರು ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಪಡೆಯಲು ಸರಕಾರ ಹೊರಟಿತ್ತು. ರೈತರು 2022ರ ಏಪ್ರಿಲ್ 4ರಂದು ಧರಣಿ ಕುಳಿತರು. ಸರಕಾರ ಬದಲಾಯಿತು, ಧರಣಿ ಬದಲಾಗಲಿಲ್ಲ. 1,198ನೆಯ ದಿನ, 2025ರ ಜುಲೈ 15ರಂದು, ಭೂಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿಗಳು ಘೋಷಿಸಿದರು. ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಮಾತ್ರ ಹೆಚ್ಚಿನ ಬೆಲೆಗೆ ಪಡೆಯುವುದಾಗಿಯೂ ಹೇಳಿದರು. ಗೆದ್ದವರ ಮುಂದೆ ಈಗ ಉಳಿದಿರುವುದು ಆ ಸ್ವಇಚ್ಛೆಯ ಪ್ರಶ್ನೆ. ಮಕ್ಕಳು ಓದಿ ನಗರ ಸೇರುತ್ತಾರೆ. ಕೊಳವೆಬಾವಿ ವರ್ಷವರ್ಷವೂ ಆಳಕ್ಕಿಳಿಯುತ್ತದೆ. 2008ರಿಂದ ತಲೆಯ ಮೇಲೆ ವಿಮಾನಗಳ ಓಡಾಟ. ಇಚ್ಛೆ ಎಂಬುದು ಎಷ್ಟು ದಿನ ಗಟ್ಟಿಯಾಗಿದ್ದೀತು?

ಮುಂದೆ ಹೋಗುವಾಗ ಅದುವರೆಗೂ ಕಾಣದಿದ್ದುದು ಕಂಡಿತು. ಕೆಲವು ಹೊಲಗಳಲ್ಲಿ ಬಳ್ಳಿಯಿಲ್ಲ, ಕಂಬಗಳು ಮಾತ್ರ ನಿಂತಿವೆ. ಇನ್ನು ಕೆಲವೆಡೆ ಅವೇ ಕಂಬಗಳನ್ನು ಕಿತ್ತು, ನಿವೇಶನಗಳ ಸುತ್ತ ಬೇಲಿಗೆ ನೆಟ್ಟಿದ್ದಾರೆ. ದ್ರಾಕ್ಷಿಯನ್ನು ಹೊತ್ತ ಕಲ್ಲು ಈಗ ಮುಳ್ಳುತಂತಿಯನ್ನು ಹೊತ್ತಿದೆ. ನನಗೆ ಅಷ್ಟು ಹಿತವಾಗಿದ್ದ ನಿರ್ಜನತೆಯಲ್ಲಿ ಅರ್ಧ ಭಾಗ ವ್ಯವಸಾಯದ ಶಾಂತಿ. ಉಳಿದರ್ಧ, ಮಾರಿಹೋದ ಭೂಮಿಯ ಮೌನ. ಸೈಕಲ್ಲಿನ ಮೇಲೆ ಕುಳಿತವನಿಗೆ ಎರಡೂ ಒಂದೇ ಬಗೆಯ ಸುಖ ಕೊಡುತ್ತವೆ. ಆ ಯೋಚನೆ ಬಂದಾಗ ನನಗೆ ತುಸು ನಾಚಿಕೆಯಾಯಿತು.

ವೈಟ್‌ಫೀಲ್ಡಿನ ಮೂಲವೂ ನೆನಪಾಯಿತು. 1882ರಲ್ಲಿ ಡಿ. ಎಸ್. ವೈಟ್ ಎಂಬವರು ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆಂದು ಅದನ್ನು ಸ್ಥಾಪಿಸಿದರು. ಹತ್ತನೆಯ ಚಾಮರಾಜ ಒಡೆಯರು ಭೂಮಿ ಕೊಟ್ಟರು. ಅದು ವ್ಯವಸಾಯದ ವಸಾಹತು! ಒಂದು ಶತಮಾನ ಕಳೆದು, 1990ರ ದಶಕದಲ್ಲಿ ಅಲ್ಲಿ ಗಾಜಿನ ಗೋಪುರಗಳು ಎದ್ದವು. ನಾನು ನಿತ್ಯವೂ ಬೈದುಕೊಂಡು ಓಡಾಡುವ ದಾರಿ ಒಂದು ಕಾಲಕ್ಕೆ ಇಂಥದೇ ನಿಶ್ಶಬ್ದವಾದ ದಾರಿಯಾಗಿತ್ತು.

ಬಿಸಿಲೇರುವ ಹೊತ್ತಿಗೆ ನಂದಿಗ್ರಾಮವನ್ನು ಸೇರಿ ಭೋಗನಂದೀಶ್ವರನ ಪುಷ್ಕರಣಿಯ ಮೆಟ್ಟಿಲ ಮೇಲೆ ಕುಳಿತೆ. ಈ ಗುಡಿಯ ಇತಿಹಾಸ ಒಂಬತ್ತನೆಯ ಶತಮಾನದ್ದು. ಎದುರಿಗೆ 1,478 ಮೀಟರಿನ ಬೆಟ್ಟ. ಅದನ್ನು ಹತ್ತುವ ಯುವಕರು ಬಣ್ಣಬಣ್ಣದ ಶಿರಸ್ತ್ರಾಣ ಧರಿಸಿ ಸಾಲಾಗಿ ಹೊರಟಿದ್ದರು. ನನ್ನ ಮೊಣಕಾಲುಗಳು ಆ ಪ್ರಸ್ತಾಪವನ್ನು ಒಪ್ಪಲಿಲ್ಲ. ಅಲ್ಲಿಯೇ ಕುಳಿತು ನನ್ನ ಮನವಿಪತ್ರವನ್ನು ತಿದ್ದಿದೆ. ಡಾಂಬರು ಬೇಡ, ನಾಮಫಲಕ ಬೇಡ. ಏರಿ ಏರಿಯಾಗಿಯೇ ಉಳಿಯಲಿ. ಕಾಲುವೆಯನ್ನು ಯಾರೂ ಮುಚ್ಚದಿರಲಿ. ಕೆರೆಗೆ ನೀರು ಬರಲಿ. ಇಷ್ಟಾದರೆ ತೋಟವೂ ನಿಂತೀತು, ತೋಟ ನಿಂತರೆ ದಾರಿಯೂ ಉಳಿದೀತು. ಎಣಿಸಿ ನೋಡಿದರೆ ಅದು ಆ ಹಿರಿಯರ ಮನವಿಯೇ ಹೊರತು ನನ್ನದಾಗಿ ಉಳಿದಿರಲಿಲ್ಲ.

ಹಿಂತಿರುಗುವಾಗ ಅದೇ ತೋಟದ ಮುಂದೆ ನಿಂತು ಎರಡು ಕಿಲೋ ಹಣ್ಣನ್ನು ದುಡ್ಡು ಕೊಟ್ಟು ಕೊಂಡೆ. ಅವರು ಮೇಲೊಂದು ಗೊಂಚಲನ್ನು ಇಟ್ಟು, "ಮುಂದಿನ ಫಸಲಿಗೂ ಬನ್ನಿ," ಎಂದರು. ಚೀಲವನ್ನು ಕ್ಯಾರಿಯರಿಗೆ ಕಟ್ಟಿ ಹೊರಟೆ. ಹೊಸಕೋಟೆಯ ಆಚೆ, ಲಾರಿಯೊಂದಕ್ಕೆ ಹೆದರಿ ರಸ್ತೆಯಂಚಿನ ಹಳ್ಳಕ್ಕೆ ಇಳಿಸಿದಾಗ ಅರ್ಧ ಹಣ್ಣು ಅಲ್ಲಿಯೇ ರಸವಾಯಿತು. ಚೀಲದ ನೀಲಿ ಕಲೆ ಎಷ್ಟು ಒಗೆದರೂ ಹೋಗಿಲ್ಲ. ಎಸೆಯೋಣವೆಂದು ಮನೆಯಾಕೆ ಹೇಳುತ್ತಾಳೆ. ಮುಂದಿನ ಫಸಲಿಗೆ ಬೇಕಾಗುತ್ತದೆಂದು ನಾನು ಅದನ್ನು ಮಡಿಸಿ ಇಟ್ಟುಕೊಂಡಿದ್ದೇನೆ.