ಮಾಕಳಿ ಬೇರು: ಘಮ ಬೇರೆ, ಗುಣ ಬೇರೆ

ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆ ಯಾವುದಾದರೂ ಮನೆಯಲ್ಲಿ ಮಾಕಳಿ ಬೇರಿನ ಜಾಡಿ ಇದ್ದರೆ ಯಾರೂ ಹೇಳಬೇಕಿಲ್ಲ. ಮುಚ್ಚಳ ತೆಗೆದ ಕೂಡಲೇ ಘಮ ನಡುಮನೆಗೆ ಬಂದಿರುತ್ತದೆ. ಬೇರಿನ ಮಣ್ಣು ತೊಳೆದು, ಸಿಪ್ಪೆ ಹೆರೆದು, ನಡುವಿನ ಗಟ್ಟಿ ನಾರು ತೆಗೆದು, ಉಳಿದದ್ದನ್ನು ಸಣ್ಣಗೆ ಹೆಚ್ಚಿ ನಿಂಬೆರಸಕ್ಕೋ ಹುಳಿಮಜ್ಜಿಗೆಗೋ ಹಾಕಿಟ್ಟರೆ ಆಯಿತು. ಮೊಸರನ್ನಕ್ಕೆ ನಂಜಿಕೊಳ್ಳಲು ಇನ್ನೇನು ಬೇಕು? ಬಾಯಿ ಕೆಟ್ಟವರಿಗೆ ಹಸಿವು ತರುತ್ತದೆ, ಮೈಗೆ ತಂಪು ಎಂದು ಹಿರಿಯರು ಹೇಳುತ್ತಾರೆ.

ಈ ಘಮದ ಗುಟ್ಟು ಬಿಡಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ಡೆಕಾಲೆಪಿಸ್ ಹ್ಯಾಮಿಲ್ಟೋನಿಯೈ ಎಂಬ ಈ ಬಳ್ಳಿಯ ಬೇರಿನಿಂದ ತೆಗೆದ ಸುಗಂಧ ತೈಲದಲ್ಲಿ ಶೇ. 96ರಷ್ಟು ಒಂದೇ ವಸ್ತು ಇದೆ ಎಂದು ಅಲ್ಲಿನ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದರು. ಅದರ ಹೆಸರು 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜಾಲ್ಡಿಹೈಡ್. ಹೆಸರು ಉದ್ದವಾದರೂ ವಸ್ತು ನಮಗೆ ಅಪರಿಚಿತವಲ್ಲ, ಐಸ್‌ಕ್ರೀಮಿನ ವೆನಿಲಿನ್‌ಗೆ ಅದು ದಾಯಾದಿ. ಎರಡರಲ್ಲೂ 8 ಇಂಗಾಲ, 8 ಜಲಜನಕ, 3 ಆಮ್ಲಜನಕದ ಪರಮಾಣುಗಳಿವೆ. ಕೂತ ಜಾಗ ಮಾತ್ರ ಬೇರೆ.

ಇನ್ನು ಗುಣದ ಮಾತು. ನಮ್ಮ ಜೀವಕೋಶಗಳಲ್ಲಿ ಒಂಟಿ ಎಲೆಕ್ಟ್ರಾನ್ ಹೊತ್ತ ಕಣಗಳು ಹುಟ್ಟುತ್ತಲೇ ಇರುತ್ತವೆ. ಸಿಕ್ಕವರಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಕೊಬ್ಬನ್ನೂ ಪ್ರೋಟೀನನ್ನೂ ಕೆಡಿಸುವುದೇ ಅವುಗಳ ಕೆಲಸ. ತಾನೇ ಕೊಟ್ಟು ಅವನ್ನು ತಣ್ಣಗಾಗಿಸುವ ವಸ್ತುವೇ ಆಂಟಿಆಕ್ಸಿಡೆಂಟ್. ಇದನ್ನು ಕಣ್ಣಾರೆ ನೋಡಬಹುದು. ಅಂಥದೇ ಒಂಟಿ ಎಲೆಕ್ಟ್ರಾನ್ ಹೊತ್ತ ಡಿಪಿಪಿಎಚ್ ಎಂಬ ರಾಸಾಯನಿಕದ ದ್ರಾವಣ ಗಾಢ ನೇರಳೆ. ಬೇರಿನ ಸಾರ ಬೆರೆಸಿದರೆ ನೇರಳೆ ತಿಳಿಯಾಗುತ್ತ ಬಂದು ಹಳದಿಗೆ ತಿರುಗುತ್ತದೆ. 517 ನ್ಯಾನೊಮೀಟರ್ ಬೆಳಕನ್ನು ಹಾಯಿಸಿ, ಬಣ್ಣ ಎಷ್ಟು ಇಳಿಯಿತೆಂದು ಉಪಕರಣ ಅಳೆಯುತ್ತದೆ.

ಸಿಎಫ್‌ಟಿಆರ್‌ಐನ ಟಿ. ಶಿವಾನಂದಪ್ಪ ಮತ್ತು ಸಂಗಡಿಗರು ಮಾಕಳಿ ಬೇರನ್ನು ಇಂಥ ಪರೀಕ್ಷೆಗಳಿಗೆ ಒಡ್ಡಿದರು. ಬೇರಿನ ನೀರುಸಾರದಿಂದ ಎಲಾಜಿಕ್ ಆಮ್ಲವೆಂಬ ಆಂಟಿಆಕ್ಸಿಡೆಂಟನ್ನು ಬೇರ್ಪಡಿಸಿ 2007ರಲ್ಲಿ ಪ್ರಕಟಿಸಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಸಂಗತಿ. ದಾಳಿಂಬೆಯಲ್ಲೂ ಇರುವ ಈ ಆಮ್ಲಕ್ಕೆ ಘಮವೇ ಇಲ್ಲ. ಮೂಗಿಗೆ ಸಿಗುವುದಷ್ಟೇ ಬೇರಿನ ಸತ್ವವಲ್ಲ!

ಹಾಗೆಂದು ಉಪ್ಪಿನಕಾಯಿಯನ್ನು ಔಷಧಿ ಎನ್ನುವಂತಿಲ್ಲ. ತಿಂದ ಎಲಾಜಿಕ್ ಆಮ್ಲದಲ್ಲಿ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. ಉಳಿದದ್ದರಲ್ಲಿ ಒಂದಷ್ಟನ್ನು ಕರುಳಿನ ಬ್ಯಾಕ್ಟೀರಿಯಾಗಳು ಯುರೋಲಿಥಿನ್ ಎಂಬ ಬೇರೆ ವಸ್ತುಗಳಾಗಿ ಮಾರ್ಪಡಿಸುತ್ತವೆ, ಅದೂ ಎಲ್ಲರ ಹೊಟ್ಟೆಯಲ್ಲಿ ಒಂದೇ ತೆರನಾಗಿ ನಡೆಯುವುದಿಲ್ಲ. ಸಾರ ಕೊಟ್ಟ ಇಲಿಗಳ ಯಕೃತ್ತಿಗೆ ವಿಷದಿಂದ ರಕ್ಷಣೆ ಸಿಕ್ಕಿದ್ದು ನಿಜ. ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದ.

ನನಗೆ ಅದಕ್ಕಿಂತ ದೊಡ್ಡ ಚಿಂತೆ ಬಳ್ಳಿಯದು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಇದಕ್ಕೆ ಬೇರೆ ನೆಲೆಯಿಲ್ಲ. ಬೇಕಾಗಿರುವುದು ಬೇರೇ ಆದ್ದರಿಂದ ಪ್ರತಿ ಜಾಡಿಯ ಹಿಂದೆಯೂ ಬುಡಸಮೇತ ಅಗೆದ ಬಳ್ಳಿಯಿದೆ, ಅದು ಈಗ ಅಳಿವಿನ ಭೀತಿಯ ಪಟ್ಟಿ ಸೇರಿದೆ. ಅಂಗಾಂಶ ಕೃಷಿಯಿಂದ ಇದರ ಸಸಿ ಎಬ್ಬಿಸುವ ವಿಧಾನವನ್ನೂ ಸಿಎಫ್‌ಟಿಆರ್‌ಐ ರೂಪಿಸಿದೆ. ಅಂಥ ಸಸಿ ದೇವಲಾಪುರದ ಕಲ್ಲುಹೊಲಗಳ ಬದುವಿಗೆ ಬಂದು ಬೇರು ಬಿಟ್ಟರೆ, ಅಲ್ಲಿಂದ ಅಗೆದ ಮೊದಲ ಕಟ್ಟನ್ನು ಕೇಳಿದಷ್ಟು ದುಡ್ಡು ಕೊಟ್ಟು ಕೊಳ್ಳುತ್ತೇನೆ.